ಮಾವಶಿ ಕಲಿಸಿದ ಜಳಕ

ನಾನು ಅನುಕರಿಸದ ಮನುಷ್ಯರು ನಮ್ಮ ಹಾಸ್ಟೆಲ್ಲಿನಲ್ಲಿ ಇಲ್ಲ. ಮುಖ್ಯೋಪಾಧ್ಯಾಯಿನಿಯಾದ ನಮ್ಮ ದೊಡ್ಡ ಅಕ್ಕೋರು ಕನ್ನಡಕವನ್ನು ಹಣೆಗೇರಿಸಿಕೊಂಡು ಅದೇ ಕನ್ನಡಕವನ್ನು ಟೇಬಲ್ ತುಂಬ ಹುಡುಕುವುದು, ಅಡುಗೆಯವ ಸಾರಿಗೆ ಉಪ್ಪು ಬಿತ್ತೋ ಇಲ್ಲವೋ ಎಂದು ಸಾರನ್ನೇ ಕೇಳುವುದು, ಡಾಕ್ಟರರು ಮಗುವಿನ ಎದೆಗೆ ಸ್ಟೆತಾಸ್ಕೋಪು ಇಟ್ಟು ಫೋನಿನಲ್ಲಿ ದ್ರಾಕ್ಷಿ ತೋಟದ ಔಷಧಿ ಮಾತಾಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ನನ್ನನ್ನೂ ಬಿಟ್ಟಿಲ್ಲ. ಪೊಲೀಸ್ ಭರ್ತಿಯಲ್ಲಿ ಎದೆಯಳತೆ ತೆಗೆಯುವಾಗ ನಾನು ಉಸಿರು ಬಿಗಿ ಹಿಡಿದು ಕಣ್ಣುಗುಡ್ಡೆ ಹೊರಗೆ ಹಾಕಿದ್ದು, ಆದರೂ ಟೇಪಿಗೆ ಕರುಣೆ ಬಾರದಿದ್ದುದು ನನ್ನ ಹೆಸರಾಂತ ಐಟಂ. ಆ ಟೇಪಿನ ದಯೆಯಿಂದಲೇ ನಾನು ಅಥಣಿಯ ಹೊರಗಿನ ಈ ವಿಶೇಷ ಮಕ್ಕಳ ವಸತಿ ಶಾಲೆಯಲ್ಲಿ ಕೇರ್‌ಟೇಕರ್ ಆದೆ.

ಹೋದ ತಿಂಗಳು ಮಾವಶಿಯನ್ನು ಬೀಳ್ಕೊಡುವಾಗ ಎಲ್ಲರೂ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಮಾವಶೀದೊಂದು ಮಾಡಿ ತೋರ್ಸೋ!"

ಅವರ ಹೆಸರು ಇಲ್ಲಿ ಬೇಡ. ಮಾವಶಿ ಎಂದರೆ ಮರಾಠಿಯಲ್ಲಿ ಅವ್ವನ ತಂಗಿ. ಗಡಿಯ ಈ ಸೀಮೆಯ ಹಾಸ್ಟೆಲ್ಲುಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರೆಲ್ಲ ಮಾವಶಿಯರೇ. ಆದರೆ ನಮ್ಮಲ್ಲಿ ಹಾಗೆಂದು ಕೂಗಿದರೆ ತಿರುಗಿ ನೋಡುತ್ತಿದ್ದವರು ಒಬ್ಬರೇ.

ನನ್ನ ನಕಲಿಗಾಗಿ ಅವರು ಇಟ್ಟಿದ್ದ ಹೆಸರಿನಿಂದಲೇ ಶುರುಮಾಡಿ ಅವರ ಧ್ವನಿ ತೆಗೆದೆ. ಸುಟ್ಟ ತಂಬಾಕಿನ ಮಿಶ್ರಿಯನ್ನು ಹಲ್ಲಿಗೆ ತಿಕ್ಕಿ ತಿಕ್ಕಿ, ಅರ್ಧ ಮಾತು ಒಸಡಿನಲ್ಲೇ ಉಳಿದುಬಿಡುವ ಧ್ವನಿ. "ಕಾಯ್ ರೇ ನಕಲ್ಯಾ, ಟವೆಲ್ ಎಲ್ಲೈತಿ?" ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡು ಕೂತಿದ್ದ ಮಾವಶಿ ಮಾತ್ರ ಪಕ್ಕದವರನ್ನು ಕೇಳಿದರು: "ನಾ ಹಿಂಗ ಮಾತಾಡ್ತೀನೇನ್ರಿ? ನಾಯಿ ಚಪ್ಪಲ ಕಡದ್ಹಾಂಗ?"

ಧ್ವನಿಯದೇನೂ ಕಷ್ಟವಲ್ಲ. ನನ್ನ ಕೈಗೆ ಸಿಗದೆ ಹೋದದ್ದು ಅವರ ಕೆಲಸ. ಅವರ ದಿನದ ಮುಖ್ಯ ಕೆಲಸವೆಂದರೆ ಏನೂ ಮಾಡದೆ ಕೂತಿರುವುದು. ಏನೂ ಮಾಡದವರನ್ನು ಮಾಡಿ ತೋರಿಸುವುದು ಹೇಗೆ?

ಬೆಳಿಗ್ಗೆ ಮಕ್ಕಳು ಅಂಗಿ ಹಾಕಿಕೊಳ್ಳುವ ಹೊತ್ತಿಗೆ ಮಾವಶಿ ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಬಿಡುತ್ತಿದ್ದರು. ಎದುರಿಗೆ ರಾಯಬಾಗದ ಒಂದು ಮಗು ಮೇಲಿನ ಗುಂಡಿಯನ್ನು ಕೆಳಗಿನ ಕಾಜಿಗೆ ತುರುಕಲು ಹೆಣಗುತ್ತಿರುತ್ತಿತ್ತು. ಒಮ್ಮೆ ಹಾಕುತ್ತದೆ, ತೆಗೆಯುತ್ತದೆ, ಗುಂಡಿಯನ್ನು ಬಾಯಲ್ಲಿಟ್ಟು ರುಚಿ ನೋಡುತ್ತದೆ. ಮಾವಶಿ ನೋಡುತ್ತಾರೆ, ಅಷ್ಟೆ. ದಾನ ಕೊಡಲು ಬಂದವರು ಇದನ್ನು ಕಂಡು, ಈ ಆಯಾ ಸ್ವಲ್ಪ ಸೋಮಾರಿ ಎಂದು ದೊಡ್ಡ ಅಕ್ಕೋರ ಕಿವಿಯಲ್ಲಿ ಹೇಳಿ ಹೋದದ್ದೂ ಉಂಟು.

ಸೋಮಾರಿಯಾಗಿದ್ದರೆ ಅವರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಿಪ್ಪಾಣಿಯಲ್ಲಿ ಎಳೆಯ ವಯಸ್ಸಿನಿಂದ ಬೀಡಿ ಕಟ್ಟಿದ ಕೈಗಳು ಅವು. ಎಲೆ ಕತ್ತರಿಸಿ, ತಂಬಾಕು ಉದುರಿಸಿ, ಸುತ್ತಿ, ಬಾಯಿ ಮಡಚಿ, ದಾರ ಕಟ್ಟಿ ಬಿಸಾಡುವುದರೊಳಗೆ ಮುಂದಿನ ಎಲೆ ಕೈಯಲ್ಲಿ. ಬೀಡಿ ಬಿಟ್ಟು ಎಷ್ಟೋ ವರ್ಷವಾದರೂ ಟಿವಿ ಮುಂದೆ ಕೂತಾಗ ಅವರ ಹೆಬ್ಬೆರಳು ಬರೀ ಗಾಳಿಯನ್ನೇ ಸುತ್ತಿ ಮಡಚುತ್ತಿತ್ತು.

"ಈ ಕೈ ಭಾಳ ಹಲ್ಕಟ್ ಅದಾವೋ," ಎಂದು ಅವರೇ ಹೇಳುತ್ತಿದ್ದರು. "ಒಂದ್ ಚೂರ ಸಡ್ಲ ಬಿಟ್ರ ಸಾಕು, ಹೋಗಿ ಹುಡುಗನ ಗುಂಡಿ ಹಾಕಿ ಬರ್ತಾವ."

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಬ್ಬ ಹುಡುಗನಿಗೆ ಸರಸರ ಬೂಟು ತೊಡಿಸಿ ಶಭಾಸ್‌ಗಿರಿಗಾಗಿ ಅವರತ್ತ ನೋಡಿದೆ. ಕೈಯಲ್ಲಿದ್ದ ಬಾಚಣಿಗೆಯಿಂದ ನನ್ನ ಮಣಿಕಟ್ಟಿಗೆ ಒಂದು ಬಿತ್ತು.

"ಬೂಟ ಯಾರ ಹಾಕಿದ್ರು?"

"ನಾನ್ರಿ ಮಾವಶಿ."

"ಹಂಗಾರ ನೀನ ಸಾಲಿಗಿ ಹೋಗು. ಅವ ಇಲ್ಲೇ ಮಲಗ್ಲಿ."

ಅವರನ್ನು ದೇವರ ಪಟದ ಪಕ್ಕ ಕೂರಿಸುವ ಆಸೆ ನನಗಿಲ್ಲ. ಚಹಾದ ವಿಷಯಕ್ಕೆ ಅಡುಗೆಯವನೊಂದಿಗೆ ದಿನಾ ಜಗಳ. ಕೇರಮ್ ಆಡುವಾಗ ಕಣ್ಣೆದುರೇ ಕಾಯಿ ಸರಿಸಿ, ಕೇಳಿದರೆ "ಗಾಳಿ ಬೀಸ್ತು" ಎನ್ನುವವರು. ಮರಾಠಿ ಧಾರಾವಾಹಿಯಲ್ಲಿ ಕೆಟ್ಟ ಅತ್ತೆ ಜೈಲಿಗೆ ಹೋದ ದಿನ ಊಟ ಬಿಟ್ಟಿದ್ದರು. ಮಕ್ಕಳಲ್ಲೂ ಎಲ್ಲರೂ ಸಮ ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಅವರಿಗೆ ಒಬ್ಬ ಹೆಚ್ಚಿನವನಿದ್ದ, ಅದನ್ನು ಮುಚ್ಚಿಯೂ ಇಡುತ್ತಿರಲಿಲ್ಲ.

ಅವನು ಏಕಸಂಬಿಯ ಭರತೇಶ. ಕಬ್ಬು ಬೆಳೆಯುವ ಜೈನ ಮನೆತನದವನು. ನಾವು ಹುಡುಗ ಎನ್ನುತ್ತಿದ್ದೆವಾದರೂ ನನ್ನ ಪಕ್ಕದಲ್ಲಿ ನಿಂತರೆ ನಾನೇ ಅವನ ಹುಡುಗನಂತೆ ಕಾಣುತ್ತಿದ್ದೆ. ಮೀಸೆ ನನ್ನದಕ್ಕಿಂತ ದಟ್ಟ. ಮಾತು ಕಡಿಮೆ. "ಚಾ", "ಅವ್ವ", "ಬ್ಯಾಡ", ಇನ್ನು ಹೊತ್ತು ಇಳಿಯುತ್ತಲೇ "ಊಟ, ಊಟ". ಮನೆಯಲ್ಲಿ ಸೂರ್ಯ ಮುಳುಗುವುದರೊಳಗೆ ಉಣ್ಣುವ ಪದ್ಧತಿ ಅವನ ಹೊಟ್ಟೆಗೆ ಚೆನ್ನಾಗಿ ನೆನಪಿತ್ತು.

ಒಂದು ಸಲ, ಶಾಲೆಯ ವರ್ಷ ಮುಗಿಯುವ ಮೇ ತಿಂಗಳಿಗೆ ಭರತೇಶನಿಗೆ ಹದಿನೆಂಟು ತುಂಬುತ್ತಿತ್ತು. ಅಲ್ಲಿಂದಾಚೆ ನಮ್ಮ ಹಾಸ್ಟೆಲ್ಲಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಮನೆಯಲ್ಲಿ ಮೊಣಕಾಲು ಹೋದ ತಾಯಿ, ಅಣ್ಣ, ಅತ್ತಿಗೆ. ಅತ್ತಿಗೆ ಒಂದೇ ಮಾತು ಹೇಳಿಕಳಿಸಿದ್ದಳು: ಜಳಕ ತಾನೇ ಮಾಡಿ, ಬಟ್ಟೆ ತಾನೇ ತೊಟ್ಟುಕೊಂಡರೆ ಮನೆಗೆ ಬರಲಿ, ಆಗದಿದ್ದರೆ ದೊಡ್ಡ ಗಂಡಸರನ್ನು ಇಟ್ಟುಕೊಳ್ಳುವ ಆಶ್ರಮ ಯಾವುದೋ ದೂರದ ಜಿಲ್ಲೆಯಲ್ಲಿದೆಯಂತೆ, ಅಲ್ಲಿಗೆ.

ನಮಗೆ ಚಿಂತೆಯೇ ಇರಲಿಲ್ಲ. ಭರತೇಶ ಜಳಕದಲ್ಲಿ ನಮ್ಮ ಹಾಸ್ಟೆಲ್ಲಿಗೇ ಮೊದಲಿಗ. ಮಾವಶಿ ವರ್ಷಗಟ್ಟಲೆ ಕೈ ಕಟ್ಟಿ ಕೂತು ಕಲಿಸಿದ್ದರು. ಬೆಳಿಗ್ಗೆ ಗಂಟೆ ಬಾರಿಸಿದೊಡನೆ ಎದ್ದು ಟವೆಲ್ ಹೆಗಲಿಗೆ ಹಾಕಿ, ನೀಲಿ ಟೈಲ್ಸಿನ ಬಚ್ಚಲಿಗೆ ಹೋಗಿ, ಎಡಗಡೆಯ ನಲ್ಲಿ ತಿರುಗಿಸಿ, ನೀಲಿ ಬಕೆಟ್ಟು ತುಂಬಿ, ಮೈ ತೊಳೆದು, ಅಂಗಿ ಚಡ್ಡಿ ತೊಟ್ಟು ಹೊರಬರುತ್ತಿದ್ದ. ದೀಪಾವಳಿ ರಜೆಗೆ ಕರೆದೊಯ್ಯಲು ಬಂದ ಅಣ್ಣ ಇದನ್ನು ಕಣ್ಣಾರೆ ಕಂಡು, ಸಂತೋಷಕ್ಕೆ ಬಚ್ಚಲಿನ ಫೋಟೋ ಹೊಡೆದುಕೊಂಡು ಹೋದ.

ಊರಿಗೆ ಹೋದ ಮರುದಿನವೇ ಅಣ್ಣನ ಫೋನು. "ಮಾವಶಿ, ಭರತ್ಯಾ ಬಚ್ಚಲದಾಗ ನಿಂತಾನ್ರಿ."

"ನಿಂದ್ರಲಿ. ಕೈ ಹಚ್ಚಬ್ಯಾಡ್ರಿ, ತಾನ ಮಾಡ್ತಾನ."

"ಮುಂಜಾನಿಂದ ನಿಂತಾನ್ರಿ. ಹೆಗಲ ಮ್ಯಾಲೆ ಟವೆಲ್ ಹಾಕ್ಕೊಂಡು ಹಂಡೇನ ನೋಡಾಕತ್ತಾನ. ಅತ್ತ ಜಳಕಾನೂ ಇಲ್ಲ, ಇತ್ತ ಹೊರಗೂ ಬರವಲ್ಲ."

ರಜೆಯೆಲ್ಲ ಹಾಗೆಯೇ ಆಯಿತು. ಮೊಣಕಾಲು ಹೋದ ತಾಯಿಯೇ ಗೋಡೆ ಹಿಡಿದುಕೊಂಡು ಬಂದು ನೀರು ಹಾಕಿದಳು.

ರಜೆ ಮುಗಿದು ಭರತೇಶ ವಾಪಸಾದ ಮೇಲಿನ ಭಾನುವಾರ ಮಾವಶಿ ನನ್ನನ್ನು ಎಳೆದುಕೊಂಡು ಚಿಕ್ಕೋಡಿ ಬಸ್ಸು ಹತ್ತಿದರು. ಏಕಸಂಬಿಯ ಆ ಮನೆಯಲ್ಲಿ ಅತ್ತಿಗೆ ಚಹಾ ಕೊಟ್ಟಳು, ಶೇಂಗಾ ಉಂಡಿ ಕೊಟ್ಟಳು, ಆಮೇಲೆ ಎದುರಿಗೆ ಕೂತು ನೇರ ಮಾತಿಗೇ ಬಂದಳು.

"ನಾ ಕೆಟ್ಟಕಿ ಅಂತ ತಿಳ್ಕೋಬ್ಯಾಡ್ರಿ ಮಾವಶಿ. ಊಟಾ ಹಾಕ್ತೀನಿ, ಅರಿವಿ ಒಗೀತೀನಿ, ಜಡ್ಡ ಬಂದ್ರ ದವಾಖಾನಿಗಿ ಒಯ್ತೀನಿ. ಆದ್ರ ಮೀಸಿ ಬಂದ ಮೈದುನಗ ಜಳಕಾ ಹ್ಯಾಂಗ ಮಾಡಿಸ್ಲಿ, ನೀವ ಹೇಳ್ರಿ. ಅತ್ತಿ ಕೈಲೆ ಆಗೂದಿಲ್ಲ. ಇವ್ರು ಕಬ್ಬಿನ ಗಾಡಿ ಹಿಂದ ಫ್ಯಾಕ್ಟರಿಗಿ ಹ್ವಾದ್ರ ಎಂದ ಬರ್ತಾರೋ ಅವ್ರಿಗೇ ಗೊತ್ತಿಲ್ಲ."

ನಾನು ಮಾವಶಿಯ ಮುಖ ನೋಡಿದೆ. ಒಂದು ದೊಡ್ಡ ಉಪದೇಶ ಬರುತ್ತದೆ, ನನಗೊಂದು ಹೊಸ ಐಟಂ ಸಿಗುತ್ತದೆ ಎಂದು ಕಾದೆ. ಮಾವಶಿ, "ಖರೇ ಐತಿ ಬಾಳಾ. ನೀ ಮಾಡಿಸಬ್ಯಾಡ. ಬಚ್ಚಲಾ ತೋರ್ಸು," ಎಂದರು, ಅಷ್ಟೆ. ಬಾಳಾ ಎಂದರೆ ಅವರ ಮರಾಠಿಯಲ್ಲಿ ಮಗು.

ಬಚ್ಚಲು ಎಂದರೆ ಅಡುಗೆಮನೆಯ ಹಿಂದೆ ಮಣ್ಣಿನ ಒಲೆಯ ಮೇಲೆ ಒಂದು ತಾಮ್ರದ ಹಂಡೆ, ಪಕ್ಕಕ್ಕೆ ತಣ್ಣೀರಿನ ಕೊಡ, ಕೂತುಕೊಳ್ಳಲು ಒಂದು ಕಲ್ಲು, ಮೊಗೆದುಕೊಳ್ಳಲು ತಂಬಿಗೆ. ನಲ್ಲಿ ಇಲ್ಲ, ಬಕೆಟ್ಟಿಲ್ಲ. ಗಂಟೆಯಂತೂ ಇಲ್ಲವೇ ಇಲ್ಲ. ಮಾವಶಿ ಕಲ್ಲಿನ ಮೇಲೆ ಕೂತು ನೋಡಿದರು. ಹಂಡೆಯಲ್ಲಿ ಬೆರಳದ್ದಿ ಸರ್ರನೆ ತೆಗೆದರು. ಮನೆಯವರೆಲ್ಲ ಬೆಳಿಗ್ಗೆ ಯಾವಾಗ ಜಳಕಕ್ಕೆ ಏಳುತ್ತೀರಿ ಎಂದು ಕೇಳಿದರು. ಚಹಾ ಕುಡಿದ ಮೇಲೆ, ಎಂದಳು ಅತ್ತಿಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಾವಶಿ ಹೇಳಿದರು: "ನಾ ಹುಡುಗಗ ಜಳಕಾ ಕಲಿಸಿಲ್ಲೋ ನಕಲ್ಯಾ. ನಮ್ಮ ಹಾಸ್ಟೆಲ್ ಕಲಿಸೀನಿ."

"ಹಾಸ್ಟೆಲ್ಲರ ಕಲತಾನಲ್ರಿ," ಎಂದೆ ನಾನು.

"ಹಾಸ್ಟೆಲ್ ಎತ್ತಿ ಅವರ ಮನ್ಯಾಗ ಒಯ್ದ ಇಡ್ತೀಯೇನ?"

ಮರುದಿನದಿಂದ ನಮ್ಮ ಹಾಸ್ಟೆಲ್ಲಿನ ಹಿಂಬದಿಯಲ್ಲಿ ಏಕಸಂಬಿ ಏಳತೊಡಗಿತು. ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಹಂಡೆ ಹೊರಬಂತು. ಒಲೆ ಹಾಕಿದರು. ಕಾಂಪೌಂಡಿನ ಮೂಲೆಯಲ್ಲಿದ್ದ ಚಪ್ಪಡಿ ಕಲ್ಲನ್ನು ನಾನು ಮತ್ತು ಅಡುಗೆಯವ ಉರುಳಿಸಿ ತಂದೆವು. ನನ್ನ ಎದೆಯಳತೆ ಅಂದು ಸಾಕಾಗಿತ್ತು ಅನಿಸುತ್ತದೆ. ಅಷ್ಟಕ್ಕೆ ದೊಡ್ಡ ಅಕ್ಕೋರು ಸುಮ್ಮನಿದ್ದರು. ಬೆಳಗಿನ ಗಂಟೆ ಬೇಡ ಎಂದಾಗ ಕನ್ನಡಕ ಹಣೆಗೇರಿತು.

"ಗಂಟಿ ಇಲ್ದ ಹಾಸ್ಟೆಲ್ ಹ್ಯಾಂಗ ನಡಸ್ಲಿ ಮಾವಶಿ? ನನಗ ಗಂಟಿ ಹೊಡೀದಿದ್ರ ಎಚ್ಚರ ಆಗೂದಿಲ್ಲ!"

"ನಿಮ್ಮನ್ನ ನಾ ಬಂದ ಎಬ್ಬಸ್ತೀನ್ರಿ. ಅವರ ಮನ್ಯಾಗ ಗಂಟಿ ಯಾರ ಹೊಡೀತಾರ?"

ಗಂಟೆ ನಿಂತಿತು. ಬದಲಿಗೆ ಚಹಾ. ಚಹಾ ಕುಡಿದು, ಲೋಟ ಬೋರಲು ಹಾಕಿ, ಜಳಕಕ್ಕೆ ಏಳುವುದು. ಮೊದಲ ದಿನಗಳಲ್ಲಿ ಅರ್ಧ ಹಾಸ್ಟೆಲ್ಲು ಹಾಸಿಗೆಯಿಂದಲೇ ಏಳಲಿಲ್ಲ, ಉಳಿದರ್ಧ ಲೋಟ ಬೋರಲು ಹಾಕಿ ಮತ್ತೊಂದು ಲೋಟ ಚಹಾ ಕೇಳಿತು. ಒಂದು ಬೆಳಿಗ್ಗೆ ನಾನು ತಮಾಷೆಗೆ ಬಾಯಲ್ಲೇ "ಠಣ್ ಠಣ್ ಠಣ್" ಎಂದೆ. ಇಡೀ ಹಾಸ್ಟೆಲ್ಲು ಟವೆಲ್ ಹಿಡಿದು ಓಡಿತು, ಎಲ್ಲರಿಗಿಂತ ಮುಂದೆ ಭರತೇಶ. ಒದ್ದೆ ಟವೆಲ್ಲಿನಿಂದ ನನ್ನ ಬೆನ್ನಿಗೆ ಬಿದ್ದ ಏಟಿನ ಸದ್ದು ಮಾತ್ರ ನನ್ನಿಂದ ಇಂದಿಗೂ ಅನುಕರಿಸಲು ಆಗಿಲ್ಲ.

ಭರತೇಶ ಹಂಡೆಯ ಮುಂದೆ ಇಲ್ಲಿಯೂ ನಿಂತ. ದಿನಾ ನಿಂತ. ಮಾವಶಿ ಸ್ಟೂಲು ಹಾಕಿಕೊಂಡು ಅವನಿಗೆ ಬೆನ್ನು ತಿರುಗಿಸಿ ಕೂತರು. ಮೊದಲು ಎದುರಿಗೇ ಕೂತು ಕಲಿಸಿದ್ದವರು ಈಗ ಹೀಗೇಕೆ ಎಂದು ಕೇಳಿದೆ.

"ಅವನ ಅತ್ತಿಗಿ ನೋಡೂದಿಲ್ಲ ಅಂದ್ಳಲ್ಲ. ನಾನೂ ಹೆಂಗಸ ಅದೀನಿ. ನೋಡ್ಕೋತ ಯಾರೂ ಇರಬಾರ್ದು, ಆದ್ರೂ ಅವ ಮಾಡ್ಬೇಕು."

ಆದರೆ ಬಿಸಿನೀರಿನ ಹಂಡೆಯ ಮುಂದೆ ಅವನನ್ನು ಪೂರ್ತಿ ಬಿಡುವಂತೆಯೂ ಇರಲಿಲ್ಲ. ಆದ್ದರಿಂದ ಗಂಡಸು ಎಂಬ ಕಾರಣಕ್ಕೆ ಕಣ್ಣಿನ ಕೆಲಸ ನನಗೆ ಬಂತು. ಮಾವಶಿ ತಿರುಗದೆ ಕೇಳುತ್ತಿದ್ದರು, "ಈಗ ಏನ್ ಮಾಡಾಕತ್ತಾನ?" ನಾನು ಕುಸ್ತಿ ಕಣದಲ್ಲಿ ಮೈಕು ಹಿಡಿದವನ ಧ್ವನಿ ತೆಗೆಯುತ್ತಿದ್ದೆ: "ಏಕಸಂಬಿಯ ಪೈಲ್ವಾನ ಭರತೇಶ ಕಲ್ಲಿನ ಮ್ಯಾಲೆ ಕುಂತಾನ! ತಂಬಿಗಿ ಹಿಡದಾನ! ತಂಬಿಗಿ ಕೆಳಗ ಇಟ್ಟಾನ! ಸೋಪ ಜಾರೈತಿ, ಸೋಪ ಓಡಾಕತ್ತೈತಿ, ಪೈಲ್ವಾನ ಬೆನ್ನ ಹತ್ತ್ಯಾನ!" ಭರತೇಶ ನಗುತ್ತಿದ್ದ. ಮಾವಶಿಯ ಬೆನ್ನೂ ಕುಲುಕುತ್ತಿತ್ತು.

ಚಳಿಗಾಲವೆಲ್ಲ ಹೀಗೆ ಹೋಯಿತು. ಕಬ್ಬಿನ ಗಾಡಿಗಳು ರಸ್ತೆಯಿಂದ ಕಡಿಮೆಯಾಗುವ ಹೊತ್ತಿಗೆ ಅವನು ಕಲ್ಲಿನ ಮೇಲೆ ತಾನೇ ಕೂರುತ್ತಿದ್ದ. ಹಂಡೆಗೆ ಬೆರಳದ್ದಿ, "ಹಾ!" ಎಂದು ತೆಗೆದು, ಕೊಡದ ತಣ್ಣೀರು ಬೆರೆಸುವುದನ್ನು ಕಲಿತ. ನನ್ನ ಕುಸ್ತಿಯ ಮೈಕನ್ನು ಮಾವಶಿ ಬರಬರುತ್ತ ಕಡಿಮೆ ಮಾಡಿಸಿ, ಕಡೆಗೆ ಬಾಯಿ ಮುಚ್ಚಿಸಿದರು. "ನಾಳಿ ಅವನ ಮನ್ಯಾಗ ನೀ ಒದರಾಕ ಹೋಗ್ತೀಯೇನ್?" ಮೇ ತಿಂಗಳಲ್ಲಿ ಭರತೇಶನ ಗಂಟುಮೂಟೆ ಕಟ್ಟಿಕೊಂಡು ನಾವು ಮೂವರೂ ಏಕಸಂಬಿಗೆ ಹೊರಟಾಗ ಮಾವಶಿ ಹೊಸ ಸೀರೆ ಉಟ್ಟಿದ್ದರು. ಕೇಳಿದರೆ, ಹಳೆಯದು ಒಣಗಿರಲಿಲ್ಲ ಎಂದರು.

ಅಣ್ಣ ಅಂಗಳದಲ್ಲೇ ಕಾಯುತ್ತಿದ್ದ. ಮುಖದ ತುಂಬ ನಗು. "ಬರ್ರಿ ಮಾವಶಿ, ಮೊದಲ ಇಲ್ಲಿ ಬರ್ರಿ, ನಿಮಗ ಒಂದ್ ತೋರ್ಸೂದೈತಿ."

ಪಡಸಾಲೆಯ ಪಕ್ಕದಲ್ಲಿ ಹೊಸ ಕೋಣೆ. ಬಾಗಿಲು ತೆರೆದ. ನೀಲಿ ಟೈಲ್ಸು. ಎಡಗಡೆ ನಲ್ಲಿ. ಕೆಳಗೆ ನೀಲಿ ಬಕೆಟ್ಟು. ಮಗ್ಗಿನ ಹಿಡಿ ಸಹ ನಮ್ಮದರಂತೆ ಗೋಡೆಯ ಕಡೆಗೆ ತಿರುಗಿತ್ತು. ದೀಪಾವಳಿಗೆ ಹೊಡೆದುಕೊಂಡ ಫೋಟೋವನ್ನು ಗಾರೆ ಕೆಲಸದ ಗೌಂಡಿಯ ಕೈಗೆ ಕೊಟ್ಟು ಕಟ್ಟಿಸಿದ್ದನಂತೆ. ಬಾಗಿಲ ಮೇಲೆ ತಂತಿಗೆ ಒಂದು ಕಬ್ಬಿಣದ ತುಂಡು ನೇತಾಡುತ್ತಿತ್ತು.

"ಗಂಟಿನೂ ಹಾಕ್ಸೀನ್ರಿ," ಎಂದ ಅಣ್ಣ.

ಮಾವಶಿಯ ಮುಖ ಆಗ ಹೇಗಾಯಿತೆಂದರೆ, ಅದನ್ನು ನಾನು ಎಲ್ಲಿಯೂ ಮಾಡಿ ತೋರಿಸಿಲ್ಲ. "ಒಂದ್ ಮಾತ ಹೇಳಬಾರದಾಗಿತ್ತೇನೋ ಬಾಳಾ?" ಎಂದರು.

"ನೋಡಿ ಖುಷಿ ಪಡ್ಲಿ ಅಂತ ಸುಮ್ಮಿದ್ನಿರಿ."

ನಾವೂ ಅವರಿಗೆ ಹೇಳಿರಲಿಲ್ಲ. ಹಂಡೆ ಅವರಲ್ಲಿ ಇದ್ದೇ ಇದೆಯಲ್ಲ, ಅದರಲ್ಲಿ ಹೇಳುವುದೇನು ಎಂದುಕೊಂಡಿದ್ದೆವು.

ಬೆಳಿಗ್ಗೆ ಬೇಗ ಹೊರಟಿದ್ದರಿಂದ ಭರತೇಶನ ಜಳಕ ಆಗಿರಲಿಲ್ಲ. ಅದು ಮಾವಶಿಯ ಲೆಕ್ಕಾಚಾರವೇ. ಅತ್ತಿಗೆ ಚಹಾ ತಂದಳು. ಲೋಟ ಕೊಟ್ಟವಳು ಒಳಗೆ ಹೋಗಲಿಲ್ಲ, ಅಡುಗೆಮನೆಯ ಬಾಗಿಲಲ್ಲೇ ನಿಂತಳು. ತಾಯಿ ಗೋಡೆಗೆ ಒರಗಿ ಕೂತಿದ್ದಳು. ಭರತೇಶ ಚಹಾ ಕುಡಿದ. ಲೋಟ ಬೋರಲು ಹಾಕಿದ. ಟವೆಲ್ ಹೆಗಲಿಗೆ ಹಾಕಿ ಎದ್ದ.

ಅಣ್ಣ ಓಡಿ ಹೋಗಿ ಗಂಟೆ ಹೊಡೆದ.

ಭರತೇಶ ಗಕ್ಕನೆ ನಿಂತ. ಹೊಸ ಕೋಣೆಯ ಬಾಗಿಲಿಗೆ ಹೋದ. ನಲ್ಲಿಯನ್ನು ನೋಡಿದ, ಬಕೆಟ್ಟನ್ನು ನೋಡಿದ, ಗಂಟೆಯನ್ನು ನೋಡಿದ. ಒಳಗೆ ಕಾಲಿಡಲಿಲ್ಲ.

"ಹೋಗೋ ಭರತ್ಯಾ, ನಿಂದ ಹಾಸ್ಟೆಲ್ ಐತಿ ಅದು," ಅಣ್ಣ ಮತ್ತೆ ಹೊಡೆದ.

"ಗಪ್ ಬಸ್!" ಎಂದರು ಮಾವಶಿ. ಸುಮ್ಮನೆ ಕೂಡು ಎಂದು ಅವರು ಮಕ್ಕಳಿಗೆ ಗದರುತ್ತಿದ್ದ ಮಾತು ಅದು. ಅಣ್ಣ ನಿಜವಾಗಿಯೂ ನೆಲಕ್ಕೆ ಕೂತುಬಿಟ್ಟ.

ಭರತೇಶ ಅಲ್ಲಿಯೇ ನಿಂತಿದ್ದ. ಬಾಗಿಲಲ್ಲಿದ್ದ ಅತ್ತಿಗೆ ಕಣ್ಣು ಕೆಳಗೆ ಹಾಕಿದಳು. ನಾನು ಮನಸ್ಸಿನಲ್ಲೇ ದೂರದ ಜಿಲ್ಲೆಯ ಬಸ್ಸು ಹತ್ತಿಬಿಟ್ಟಿದ್ದೆ.

ಆಮೇಲೆ ಅವನು ತಿರುಗಿದ. ಅತ್ತಿಗೆಯನ್ನು ದಾಟಿ, ಅಡುಗೆಮನೆಯೊಳಗಿಂದ ಹಿತ್ತಲಿಗೆ ಹೋದ. ನಾನೂ ಮಾವಶಿಯೂ ಹಿಂದೆಯೇ ಹೋದೆವು. ಹೊಸ ಬಾತ್‌ರೂಮು ಬಂದ ಮೇಲೆ ಬಚ್ಚಲಿನ ಸುತ್ತಲಿನ ತಡಿಕೆ ತೆಗೆದು, ಹಂಡೆಯನ್ನು ಎಮ್ಮೆಯ ಮುಸುರೆಗೆ ನೀರು ಕಾಯಿಸಲು ಇಟ್ಟುಕೊಂಡಿದ್ದರು. ಜಳಕದ ಕಲ್ಲಿನ ಮೇಲೆ ಅತ್ತಿಗೆ ಒಗೆದ ಬಟ್ಟೆಯ ರಾಶಿ. ಭರತೇಶ ರಾಶಿಯನ್ನು ಕಾಲಿನಿಂದ ಸರಿಸಿ, ಅಂಗಿ ಬಿಚ್ಚಿ, ಬೇಲಿಯಾಚೆಯ ಮನೆಯವರು ನೋಡುತ್ತಿದ್ದಂತೆಯೇ ಕಲ್ಲಿನ ಮೇಲೆ ಕೂತ.

"ಅಯ್ಯ, ನನ್ನ ಅರಿವಿ!" ಎಂದು ಓಡಿ ಬಂದ ಅತ್ತಿಗೆ ಅವನು ಚಡ್ಡಿಗೆ ಕೈ ಹಾಕುವುದನ್ನು ಕಂಡು ಗಿರ್ರನೆ ತಿರುಗಿದಳು. ಬಗ್ಗಿ, ಮಣ್ಣಾದ ರಾಶಿಯಿಂದ ಒಂದು ಒದ್ದೆ ಸೀರೆ ಎತ್ತಿ, ಹಿಂದೆ ನೋಡದೆಯೇ ತಂತಿಯ ಮೇಲೆ ಉದ್ದಕ್ಕೆ ಹರವಿದಳು. ಈಚೆಗೆ ನಮಗೆ ಸೀರೆ ಮಾತ್ರ ಕಾಣುತ್ತಿತ್ತು. ಅವಳು ಅದಕ್ಕೆ ಬೆನ್ನು ಕೊಟ್ಟು ನಿಂತು ಕೂಗಿದಳು:

"ಭರತೂ, ನೀರ ಕುದ್ದಾವ! ತಣ್ಣೀರ ಬೆರಸೀದೇನೋ?"

ಸೀರೆಯಾಚೆಯಿಂದ "ಹಾ!" ಎಂಬ ಒಂದು ಸದ್ದು, ಕೊಡಕ್ಕೆ ತಂಬಿಗೆ ತಾಗಿದ ಸದ್ದು, ಮತ್ತೆ ಮೈಮೇಲೆ ನೀರು ಬಿದ್ದ ಸದ್ದು.

ಅಣ್ಣ ಹಿತ್ತಲ ಬಾಗಿಲಿಗೆ ಬಂದಿದ್ದ, ಗಂಟೆ ಹೊಡೆಯುವ ಸಲಾಕೆ ಇನ್ನೂ ಕೈಯಲ್ಲೇ. "ಹಂಗಾರ ಬಾತ್‌ರೂಮ್ ಏನ್ ಮಾಡೂದ?"

"ಅದರಾಗ ನೀವ ಜಳಕಾ ಮಾಡ್ರಿ," ಎಂದಳು ಅತ್ತಿಗೆ. "ನನಗ ನಾಳಿಂದ ಅರಿವಿ ಒಗ್ಯಾಕ ಬ್ಯಾರೆ ಕಲ್ಲ ಹಾಕಿಸಿ ಕೊಡ್ರಿ."

ಮಾವಶಿ ಚಪ್ಪಲಿ ಮೆಟ್ಟಿಕೊಂಡರು. ಅವನು ಹೊರಗೆ ಬರಲಿ, ಒಂದು ಮಾತು ಹೇಳಿ ಹೋಗೋಣ ಎಂದೆ ನಾನು.

"ಯಾಕ? ನನ್ನ ನೋಡಿದ್ರ ಟವೆಲ್ ಹಾಕ್ಕೊಂಡು ಬೆನ್ನ ಹತ್ತತಾನ," ಎಂದು ಅವರು ಆಗಲೇ ಅಂಗಳ ದಾಟುತ್ತಿದ್ದರು. "ಮೈಗೆ ನೀರ ಹಾಕ್ಕೊಳ್ಳಾಕತ್ತಾನಲ್ಲ, ಹಾಕ್ಕೊಳ್ಳಲಿ. ಲಗೂನ ನಡಿ."